ಕಣ್ಣು ತೆಗೆದ ಬಾಗಿಲು

ಕಡಲ ದಂಡೆಯ ನಮ್ಮೂರು ವಾಂಗ್‌ಗುಂಗಿನಲ್ಲಿ ಕಬ್ಬಿಣ ಬಹಳ ಕಾಲ ಬಾಳುವುದಿಲ್ಲ. ಚಳಿಗಾಲದ ಗಾಳಿ ಸಮುದ್ರದ ಕಡೆಯಿಂದ ಉಪ್ಪನ್ನೂ ಮರಳನ್ನೂ ಹೊತ್ತು ತಂದು ಮನೆಮನೆಯ ಮುಂಬಾಗಿಲಾಗಿರುವ ರೋಲಿಂಗ್ ಶಟರಿಗೆ ಮೆತ್ತಿ ಹೋಗುತ್ತದೆ. ಆಮೇಲಿನದು ತುಕ್ಕಿನ ಕೆಲಸ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಶಟರು ಅರ್ಧಕ್ಕೆ ಬಂದು ನರಳಿ ನಿಲ್ಲುತ್ತದೆ. ಮನೆಯವರು ಬಗ್ಗಿಕೊಂಡು ಹೊರಗೆ ಬಂದು ಹುಂಗ್ ಕುನ್‌ಮುವಿಗೆ ಫೋನು ಮಾಡುತ್ತಾರೆ. ಊರಿಗೆಲ್ಲ ಶಟರು ಕೂರಿಸುವವನು, ಕೆಟ್ಟರೆ ಸರಿಮಾಡುವವನು ಅವನೊಬ್ಬನೇ ಇದ್ದ ಕಾಲ ಅದು.

ಅವನ ಹೆಂಡತಿ ಪಾವ್‌ಲಿಯೆನ್ ಸಮುದ್ರ ನೋಡಿ ಬೆಳೆದವಳಲ್ಲ. ಒಳನಾಡಿನ ಅರ್‌ಲಿನ್ ಕಡೆಯ ದ್ರಾಕ್ಷಿ ತೋಟದವರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಸಿಂಪಿಯ ವಾಸನೆಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೀದಿಯ ಎಲ್ಲ ಮನೆಗಳ ಮುಂದೆಯೂ ಸಿಂಪಿಯ ರಾಶಿ, ರಾಶಿಯ ಹಿಂದೆ ತಗ್ಗು ಸ್ಟೂಲಿನ ಮೇಲೆ ಒಬ್ಬ ಮುದುಕಿ, ಮುದುಕಿಯ ಕೈಯಲ್ಲಿ ಗಿಡ್ಡ ಚಾಕು. ಅವಳ ಅತ್ತೆ ಬಾನ್ ಅಜ್ಜಿಯೂ ಹಾಗೆ ಹೊಸಿಲಲ್ಲಿ ಕೂತು ಸಿಂಪಿ ಬಿಡಿಸಿಯೇ ಮಗಳು ಯೂಚಾನ್‌ಳನ್ನೂ ಮಗ ಕುನ್‌ಮುವನ್ನೂ ದೊಡ್ಡವರನ್ನಾಗಿ ಮಾಡಿದ್ದರು. ಗಂಡ ಸಿಂಪಿ ಬೆಳೆಯುವ ಕೆಸರು ಬಯಲಿಗೆ ಹೋದವನು ಒಂದು ದಿನ ಏರುವ ನೀರಿಗೆ ಸಿಕ್ಕಿ ತೀರಿಕೊಂಡಿದ್ದ. ಆಗ ಮಕ್ಕಳಿನ್ನೂ ಚಿಕ್ಕವು.

ಅಜ್ಜಿಯ ನಾಲಿಗೆಯೂ ಆ ಚಾಕುವಿನ ಹಾಗೇ. ಸೊಸೆ ಬಂದು ವರ್ಷಗಳು ಕಳೆದರೂ ಮಕ್ಕಳಾಗದಿದ್ದಾಗ, ನೆರೆಯವರು ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದರು: “ನಾನು ಬಿಡಿಸೋ ಸಿಂಪಿ ಒಳಗಾದ್ರೂ ಏನಾದ್ರೊಂದು ಇರತ್ತಪ್ಪ.” ಪಾವ್‌ಲಿಯೆನ್ ಎದುರಾಡುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಗಡ್ಡೆಕೋಸನ್ನು ಬೇಕಾದ್ದಕ್ಕಿಂತ ಜೋರಾಗಿ ಹೆಚ್ಚುತ್ತಿದ್ದಳು. ಕುನ್‌ಮು ಅತ್ತ ತಾಯಿಗೂ ಅನ್ನದೆ ಇತ್ತ ಹೆಂಡತಿಗೂ ಅನ್ನದೆ, ಏಣಿ ಎತ್ತಿ ಪಿಕಪ್ಪಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟುಬಿಡುತ್ತಿದ್ದ. ಆದರೆ ಸಂಜೆ ಬಂದವನು ಅಂದು ನಡೆದುದನ್ನೆಲ್ಲ ಹೆಂಡತಿಗೆ ಹೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಯಾರ ಮನೆಯ ಮೋಟಾರು ಸುಟ್ಟಿತು, ಯಾರು ಟೀ ಕೊಟ್ಟರು, ಯಾರ ನಾಯಿ ಅಟ್ಟಿಸಿಕೊಂಡು ಬಂತು, ಎಲ್ಲವನ್ನೂ ಹೇಳುತ್ತಿದ್ದ. ನಮ್ಮೂರಿನ ಗಂಡಸರಲ್ಲಿ ಅದು ಅಪರೂಪ. ಗೆಳೆಯರು ಛೇಡಿಸುತ್ತಿದ್ದರು, ಕುನ್‌ಮುಗೆ ಸೀನು ಬಂದರೂ ಮನೆಗೆ ಫೋನು ಮಾಡಿ ಹೇಳ್ತಾನೆ ಎಂದು.

ಕರೆಂಟಿನ ಶಟರುಗಳು ಬಂದ ಮೇಲೆ ಅವನಿಗೆ ಒಂದು ಹಟ ಹುಟ್ಟಿಕೊಂಡಿತು. ಕಣ್ಣು ಇಲ್ಲದೆ ಶಟರು ಕೂರಿಸುವುದಿಲ್ಲ ಎನ್ನುವುದು. ಕಣ್ಣು ಎಂದರೆ ಬಾಗಿಲಿನ ಎರಡು ಪಕ್ಕದಲ್ಲಿ, ಮೊಣಕಾಲಿನ ಎತ್ತರಕ್ಕೆ ಕೂರಿಸುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಎರಡು ಡಬ್ಬಿ. ಗಿರಾಕಿಗಳು ಇದೊಂದು ದಂಡದ ಖರ್ಚು ಎಂದು ಗೊಣಗಿದರೆ ಅವನು ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದ.

“ಈ ಕಡೆ ಡಬ್ಬಿ ಬೆಳಕು ಬಿಡತ್ತೆ. ನಮಗೆ ಕಾಣೋ ಬೆಳಕಲ್ಲ ಅದು. ಆ ಕಡೇದು ಹಿಡ್ಕೊಳ್ಳತ್ತೆ. ನಡುವೆ ಯಾರಾದ್ರೂ ಬಂದ್ರೆ ಬೆಳಕು ತಪ್ಪಿಹೋಗತ್ತೆ. ತಪ್ತು ಅಂದ್ರೆ ಇಳೀತಿರೋ ಬಾಗಿಲು ನಿಂತು ವಾಪಸ್ ಮೇಲೆ ಹೋಗತ್ತೆ.”

“ಧೂಳು ಕೂತ್ರೆ?”

“ಧೂಳು ಕೂತ್ರೂ ಇಳಿಯಲ್ಲ. ಅನುಮಾನ ಬಂದ್ರೆ ಅದು ಬಾಗಿಲು ಹಾಕೋದೇ ಇಲ್ಲ. ಅದೇ ಅದರ ಒಳ್ಳೇತನ.”

ತನ್ನ ಮನೆಯ ಶಟರಿಗೂ ಒಂದು ಜೊತೆ ಕಣ್ಣು ಕೂರಿಸಿದ. ಆ ಹೊತ್ತಿಗೆ ಬಾನ್ ಅಜ್ಜಿಗೆ ಮರೆವು ಹತ್ತಿತ್ತು.

ಮೊದಮೊದಲು ಉಪ್ಪು ಹಾಕಿದ್ದೇನೋ ಇಲ್ಲವೋ ಎನ್ನುವಂಥ ಮರೆವು. ಆಮೇಲೆ ಊಟ ಮಾಡಿ ಕೈ ತೊಳೆದು ಬಂದು, ಇನ್ನೂ ಊಟ ಹಾಕಿಲ್ಲವೆಂದು ಮುನಿಸಿಕೊಳ್ಳುವುದು. ಆಮೇಲೆ ಯಾರ ಕಣ್ಣಿಗೂ ಬೀಳದೆ ಸಮುದ್ರದ ಏರಿಯ ಕಡೆ ನಡೆದುಬಿಡುವುದು. ಗಂಡ ಬಯಲಿನಿಂದ ಬರುವ ಹೊತ್ತಾಯಿತು, ಎದುರುಗೊಳ್ಳಬೇಕು ಎನ್ನುತ್ತಿದ್ದರು. ಎರಡು ಸಲ ಊರವರು ಹುಡುಕಿ ಕರೆತಂದ ಮೇಲೆ ಗಂಡಹೆಂಡಿರು ಒಂದು ನಿಯಮ ಮಾಡಿಕೊಂಡರು. ಇಬ್ಬರೂ ಹೊರಗೆ ಹೋಗಬೇಕಾಗಿ ಬಂದರೆ ಅಜ್ಜಿಯನ್ನು ಮಲಗಿಸಿ, ಶಟರು ಇಳಿಸಿ ಹೋಗುವುದು.

ವಿಚಿತ್ರವೆಂದರೆ, ನೆನಪು ಹೋದಂತೆಲ್ಲ ಅಜ್ಜಿಯ ನಾಲಿಗೆಯ ಮೊನೆಯೂ ಹೋಯಿತು. ಪಾವ್‌ಲಿಯೆನ್‌ಳನ್ನು ಕೆಲವೊಮ್ಮೆ ಮಗಳ ಹೆಸರಿನಿಂದ ಕರೆಯುತ್ತಿದ್ದರು, ಕೆಲವೊಮ್ಮೆ ಅಮ್ಮ ಎನ್ನುತ್ತಿದ್ದರು. ತಲೆ ಬಾಚುವಾಗ ಕಣ್ಣು ಮುಚ್ಚಿ, ಬಾಚಣಿಗೆಯ ಕಡೆಗೆ ತಲೆ ವಾಲಿಸಿ ಕೂರುತ್ತಿದ್ದರು. ಇಷ್ಟು ವರ್ಷ ಈ ಮನೆಯಲ್ಲಿ ಸಿಗದ ಏನೋ ಒಂದು ಈಗ ಸಿಗುತ್ತಿದೆ ಎಂದು ಪಾವ್‌ಲಿಯೆನ್‌ಗೆ ಅನ್ನಿಸುತ್ತಿತ್ತು. ಅದು ಸಿಗುತ್ತಿರುವುದು ಸೊಸೆ ಯಾರೆಂಬುದನ್ನೇ ಅತ್ತೆ ಮರೆತದ್ದರಿಂದ ಎಂದು ಗೊತ್ತಿದ್ದರೂ ಅವಳು ಅದನ್ನು ಬಿಟ್ಟುಕೊಡಲಿಲ್ಲ. ಸ್ನಾನ ಮಾಡಿಸುವಾಗ ಅಜ್ಜಿಯ ಬೆರಳುಗಳ ಮೇಲಿನ ಹಳೆಯ ಚಾಕುವಿನ ಗೆರೆಗಳನ್ನು ತಾನೂ ಬೆರಳಾಡಿಸಿ ನೋಡುತ್ತಿದ್ದಳು.

ಹೊಸಿಲಿನ ಸ್ಟೂಲು ಮಾತ್ರ ಅಜ್ಜಿಗೆ ಮರೆತಿರಲಿಲ್ಲ. ಚಾಕು ಕೊಡುವಂತಿರಲಿಲ್ಲವಾದ್ದರಿಂದ ಪಾವ್‌ಲಿಯೆನ್ ಖಾಲಿ ಚಿಪ್ಪುಗಳನ್ನು ಬುಟ್ಟಿಯಲ್ಲಿಟ್ಟು ಕೊಡುತ್ತಿದ್ದಳು. ಅಜ್ಜಿ ಅವನ್ನೇ ಈ ಬುಟ್ಟಿಯಿಂದ ಆ ಬುಟ್ಟಿಗೆ ಹಾಕುತ್ತ ಕೂರುತ್ತಿದ್ದರು. ಸಂಜೆ ಶಟರು ಇಳಿಸುವ ಹೊತ್ತಿಗೂ ಏಳುತ್ತಿರಲಿಲ್ಲ. ಶಟರು ಗರಗರ ಇಳಿದು, ಕಣ್ಣಿನ ಬೆಳಕಿಗೆ ಅಜ್ಜಿ ಅಡ್ಡ ಕೂತಿರುವುದು ತಿಳಿದು, ತಟಕ್ಕನೆ ನಿಂತು ಮೇಲೇರುತ್ತಿತ್ತು. ಅಜ್ಜಿಯ ಮುಖ ಅರಳುತ್ತಿತ್ತು.

“ನೋಡು, ನಾನಿನ್ನೂ ಹೊರಗಿದ್ದೀನಿ ಅಂತ ಅವರಿಗೆ ಗೊತ್ತಾಗೋಯ್ತು.”

“ಯಾರಿಗೆ ಅತ್ತೆ?”

“ಇನ್ಯಾರಿಗೆ, ನಿಮ್ಮ ಮಾವನಿಗೆ. ನನ್ನ ಬಿಟ್ಟು ಬಾಗಿಲು ಹಾಕ್ತಾರಾ ಅವರು?”

ಅಂದಿನಿಂದ ಅದೊಂದು ಆಟವಾಯಿತು. ಶಟರು ಇಳಿಯುವ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಸ್ಟೂಲಿನಲ್ಲಿ ಕೂತು ಕೈ ಮುಂದೆ ಚಾಚುತ್ತಿದ್ದರು. ಶಟರು ಹಿಂದಕ್ಕೆ ಹೋಗುತ್ತಿತ್ತು. ಅಜ್ಜಿ ನಗುತ್ತಿದ್ದರು. ಮತ್ತೆ ಇಳಿಸು ಎನ್ನುತ್ತಿದ್ದರು. ಎದುರು ಮನೆಯ ನೂಡಲ್ಸ್ ಅಂಗಡಿಯವಳು, ನಿಮ್ಮನೆ ಶಟರು ದಿನಾ ಬಸ್ಕಿ ಹೊಡೆಯತ್ತಲ್ಲ ಎಂದು ನಗೆಯಾಡುತ್ತಿದ್ದಳು. ಪಾವ್‌ಲಿಯೆನ್ ಪೇಟೆಗೆ ಹೊರಟಾಗ ಸ್ಕೂಟರಿನ ಮೇಲೆ ಕೂತೇ ರಿಮೋಟು ಒತ್ತಿ ಹೊರಟುಬಿಡುತ್ತಿದ್ದಳು. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ. ಅಜ್ಜಿ ಎದ್ದು ಬಂದರೆ ಬಾಗಿಲು ಮೇಲೇರುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ಕೇಳಿಸಿದರೆ ಅವಳು ಹಿಂದಕ್ಕೆ ಬಂದು ಅತ್ತೆಯನ್ನೂ ಸ್ಕೂಟರಿಗೆ ಹತ್ತಿಸಿಕೊಂಡು ಹೋಗುತ್ತಿದ್ದಳು.

ಆ ವರ್ಷದ ತುಫಾನು ಸಮುದ್ರದ ಮೇಲಿಂದ ನೇರ ನಮ್ಮೂರಿಗೇ ಬಂತು. ಗಾಳಿ ಏಳುವ ಮುಂಚೆ ಮನೆಮನೆಯಲ್ಲಿ ಶಟರು ಇಳಿಸುವ ಗಡಿಬಿಡಿ. ಆದರೆ ಕುನ್‌ಮುವಿನ ಮನೆಯ ಶಟರು ಇಳಿಯಲೊಲ್ಲದು. ಉಪ್ಪುನೀರು ಸಿಡಿದು ಸಿಡಿದು ಡಬ್ಬಿಯ ಗಾಜು ಮಸುಕಾಗಿತ್ತು, ಒಳಗೂ ನೀರು ಇಳಿದಿತ್ತು. ಬೆಳಕು ದಾಟದೆ ಹೋದದ್ದರಿಂದ, ನಡುವೆ ಯಾರೋ ಇದ್ದಾರೆಂದೇ ಬಗೆದು ಶಟರು ಅರ್ಧಕ್ಕೆ ಬಂದು ಮೇಲೇರುತ್ತಿತ್ತು. ಒರೆಸಿದರು, ಊದಿದರು, ಆಗಲಿಲ್ಲ. ಮಳೆ ಒಳಗೆ ನುಗ್ಗತೊಡಗಿತು. ಕೊನೆಗೆ ಕುನ್‌ಮು ಕಂಟ್ರೋಲ್ ಪೆಟ್ಟಿಗೆ ಬಿಚ್ಚಿ, ಕಣ್ಣಿನ ಡಬ್ಬಿಗಳನ್ನೂ ಅವುಗಳಿಂದ ಬರುವ ವೈರನ್ನೂ ಕಿತ್ತು, ದಾರಿಯಲ್ಲಿ ಯಾರೂ ಇಲ್ಲ ಎಂದು ಪೆಟ್ಟಿಗೆ ನಂಬುವ ಹಾಗೆ ಎರಡು ತಂತಿ ಸೇರಿಸಿ ಕಟ್ಟಿದ. ಶಟರು ಒಂದೇ ಓಟಕ್ಕೆ ಇಳಿಯಿತು. ಬೇರೆ ಯಾರ ಮನೆಯಲ್ಲೂ ಅವನು ಅಂಥ ಕೆಲಸ ಮಾಡಿದವನಲ್ಲ.

ಮಾರನೆಯ ದಿನ ಬೀದಿಯ ತುಂಬ ಕೆಸರು, ಕಿತ್ತುಹೋದ ತಗಡು, ಬುಡಮೇಲಾದ ಸ್ಕೂಟರುಗಳು. ಊರಿನ ಅರ್ಧ ಶಟರುಗಳು ಗಾಳಿಗೆ ಬಾಗಿ ಹಳಿಯಿಂದ ಹೊರಬಂದಿದ್ದವು. ಕುನ್‌ಮುವಿನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಯಾರದೋ ಮನೆಯವರು ಒಳಗೇ ಸಿಕ್ಕಿಬಿದ್ದಿದ್ದಾರೆಂದು ಕರೆ. ಒಂದು ಕಾಲು ಪಿಕಪ್ಪಿನ ಮೆಟ್ಟಿಲ ಮೇಲಿಟ್ಟು ಅವನು ಒಳಗೆ ಕೆಸರು ಗುಡಿಸುತ್ತಿದ್ದ ಹೆಂಡತಿಗೆ ಕೂಗಿ ಹೇಳಿದ:

“ಕಣ್ಣು ತೆಗ್ದಿದ್ದೀನಿ ಕಣೇ. ಹೊಸದು ತಂದು ಹಾಕೋವರೆಗೂ ಶಟರ್ ಒತ್ತೋ ಮುಂಚೆ ನೋಡ್ಕೋ.”

ಅವಳು ಪೊರಕೆ ನಿಲ್ಲಿಸದೆ ಹೂಂ ಅಂದಳು.

ಅದಾದ ಮೇಲಿನ ದಿನಗಳಲ್ಲಿ ಅವನು ಮನೆಗೆ ಬರುತ್ತಿದ್ದುದು ಮಲಗುವುದಕ್ಕಷ್ಟೇ. ಊರಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದ. ಹೊಸ ಕಣ್ಣುಗಳ ಡಬ್ಬ ಬಂತು. ಬಂದ ಹಾಗೆ ಯಾರ್ಯಾರದೋ ಮನೆಗೆ ಹೋಯಿತು. ತನ್ನ ಮನೆಯದು ನಾಳೆಗೆ ಎಂದುಕೊಂಡ. ಶಟರು ಒಂದು ವಾರದಿಂದ ಮೇಲಕ್ಕೇ ಇತ್ತು, ಒಣಗಲೆಂದು. ಪಾವ್‌ಲಿಯೆನ್ ಅದನ್ನು ಮುಟ್ಟುವ ಸಂದರ್ಭವೂ ಬಂದಿರಲಿಲ್ಲ.

ಕರೆಂಟು ಬಂದಿದ್ದರೂ ನಲ್ಲಿಯಲ್ಲಿ ಇನ್ನೂ ನೀರು ಬಂದಿರಲಿಲ್ಲ. ಒಂದು ಮಧ್ಯಾಹ್ನ ಗುಡಿಯ ಮುಂದೆ ನೀರಿನ ಲಾರಿ ಬಂದಿದೆ ಎಂದು ನೂಡಲ್ಸ್ ಅಂಗಡಿಯವಳು ಕೂಗಿ ಹೇಳಿದಳು. ಅತ್ತೆ ಊಟ ಮುಗಿಸಿ ಮಲಗಿದ್ದರು. ಪಾವ್‌ಲಿಯೆನ್ ಖಾಲಿ ಕ್ಯಾನುಗಳನ್ನು ಸ್ಕೂಟರಿಗೆ ನೇತುಹಾಕಿ, ಕೂತು, ರಿಮೋಟು ಒತ್ತಿ, ಹೊರಟಳು. ಬೀದಿಯಲ್ಲಿ ಕೆಸರುನೀರು ಎತ್ತುವ ಪಂಪುಗಳು ಗದ್ದಲ ಎಬ್ಬಿಸಿದ್ದವು. ಗುಡಿಯ ಮುಂದೆ ಸಾಲು ಉದ್ದವಿತ್ತು. ಅವಳು ಕ್ಯಾನು ತುಂಬಿಸಿಕೊಳ್ಳುವ ಹೊತ್ತಿಗೆ ಯಾರೋ ಓಡಿ ಬಂದು ಅವಳ ತೋಳು ಹಿಡಿದು, ಅಜ್ಜಿ ಶಟರಿನ ಕೆಳಗೆ ಸಿಕ್ಕಿದ್ದಾರೆ ಎಂದರು.

ಶಟರು ನಿಧಾನ ಇಳಿಯುವಂಥದು. ಎದ್ದು ಈಚೆ ಬರಲೋ ಒಳಗೆ ಹೋಗಲೋ ಬೇಕಾದಷ್ಟು ಸಮಯವಿತ್ತು ಎಂದು ಆಮೇಲೆ ಎಲ್ಲರೂ ಅಂದರು. ವಯಸ್ಸಾದವರಿಗೆ ಕಾಲು ಬರಲಿಲ್ಲವೇನೋ, ತಲೆ ತಿರುಗಿತೇನೋ ಎಂದರು. ಸ್ಟೂಲಿನಿಂದ ಏಳಲು ಪ್ರಯತ್ನ ಪಟ್ಟ ಗುರುತೂ ಇಲ್ಲವಲ್ಲ ಎಂದು ಪೊಲೀಸಿನವನು ಅಚ್ಚರಿಪಟ್ಟ. ಅವರು ಯಾಕೆ ಏಳಲಿಲ್ಲ ಎನ್ನುವುದು ಆ ಮನೆಯ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಒಬ್ಬರಿಗೊಬ್ಬರು ಕೂಡ.

ವಿಚಾರಣೆಯಲ್ಲಿ ಕುನ್‌ಮು, ವೈರು ಕಿತ್ತವನು ನಾನು, ತಿರುಗಿ ಹಾಕಲು ಮರೆತವನೂ ನಾನೇ, ಯಾರಿಗೂ ಹೇಳಿರಲಿಲ್ಲ ಎಂದ. ನಿನ್ನ ಹೆಂಡತಿಗೂ ಹೇಳಿರಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಪಕ್ಕದಲ್ಲಿ ಕೂತಿದ್ದ ಪಾವ್‌ಲಿಯೆನ್ ತಲೆ ಎತ್ತಿದಳು. ಅವನು ಮೇಜಿನ ಕೆಳಗೆ ಅವಳ ಮಣಿಕಟ್ಟನ್ನು ಹಿಡಿದುಕೊಂಡ, ನೋವಾಗುವಷ್ಟು ಬಿಗಿಯಾಗಿ. ಅವಳು ಮತ್ತೆ ತಲೆ ತಗ್ಗಿಸಿದಳು. ಅಜಾಗರೂಕತೆ ಎಂದು ಬರೆದುಕೊಂಡು, ಮಗನೇ ಎಂಬ ಕಾರಣಕ್ಕೋ ಏನೋ, ಜೈಲಿಗೆ ಕಳಿಸದೆ ಬಿಟ್ಟರು.

ಚಾಂಗ್‌ಹುವಾ ಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ಯೂಚಾನ್ ಬಂದಳು. ತವರಿನ ಸಾವಿಗೆ ಬರುವ ಹೆಣ್ಣುಮಗಳು ಬೀದಿಯ ತುದಿಯಿಂದಲೇ ಮಂಡಿಯೂರಿ ತೆವಳುತ್ತ, ಗಟ್ಟಿಯಾಗಿ ಅಳುತ್ತ ಹೆಣದ ಬಳಿ ಬರಬೇಕು. ಯೂಚಾನ್ ತೆವಳಿದಳು, ಅಳಲಿಲ್ಲ. ಶಟರಿನ ಕೆಳಗೆ ಬಂದಾಗ ನಿಂತು, ಎರಡು ಪಕ್ಕದ ಆ ಖಾಲಿ ಜಾಗಗಳನ್ನು ನೋಡಿದಳು. ಆಮೇಲೆ ಒಳಗೆ ಬಂದು ಸೂತಕದ ಗೋಣಿಬಟ್ಟೆ ಹೊದ್ದು ಕೂತಿದ್ದ ತಮ್ಮನ ಮುಂದೆ ಕುಸಿದಳು.

“ಊರಿನ ಬಾಗಿಲಿಗೆಲ್ಲ ಕಣ್ಣು ಇಟ್ಟೆ ನೀನು. ಹೆತ್ತವಳ ಬಾಗಿಲಿಂದು ಕಿತ್ತೆ.”

ಕುನ್‌ಮು ಹೌದು ಅಕ್ಕ ಎಂದ. ಅಷ್ಟೇ.

ಶವಸಂಸ್ಕಾರ ಮುಗಿದ ಮೇಲೆ ಯೂಚಾನ್ ಚಿಕ್ಕಪ್ಪಂದಿರ ಎದುರು ಒಂದು ಮಾತು ಎತ್ತಿದಳು. ಅಮ್ಮನಿಗೆ ಈ ಬಾಗಿಲಿನ ಒಳಗೆ ಪೂಜೆ ಬೇಡ. ಅಪ್ಪನ, ಹಿರಿಯರೆಲ್ಲರ ಹೆಸರು ಬರೆದ ಹಲಗೆಯನ್ನೂ ಊದುಬತ್ತಿಯ ಬಟ್ಟಲನ್ನೂ ಚಾಂಗ್‌ಹುವಾದ ಗುಡಿಯಲ್ಲಿ ಇಡಿಸುತ್ತೇನೆ, ವರ್ಷ ತುಂಬಿದಾಗ ಅಮ್ಮನ ಹೆಸರನ್ನೂ ಅಲ್ಲೇ ಬರೆಸುತ್ತೇನೆ ಎಂದಳು. ಮದುವೆಯಾಗಿ ಹೋದ ಮಗಳು ಹಾಗೆ ಕೇಳುವುದು ಪದ್ಧತಿಯಲ್ಲ. ಚಿಕ್ಕಪ್ಪಂದಿರು ಕುನ್‌ಮುವಿನ ಮುಖ ನೋಡಿದರು. ಅವನು ಎದ್ದು, ಪೀಠದಿಂದ ಹಲಗೆ ಇಳಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ ತಾನೇ ಅಕ್ಕನ ಕೈಗೆ ಇಟ್ಟ. ಪೀಠದ ಮೇಲೆ ಹಲಗೆ ಇದ್ದ ಜಾಗ ಚೌಕವಾಗಿ ಹೊಳೆಯುತ್ತಿತ್ತು, ಸುತ್ತಲೆಲ್ಲ ಹೊಗೆಯ ಕಪ್ಪು.

ಅಂದು ಪಾವ್‌ಲಿಯೆನ್ ಅಡುಗೆಮನೆಯಲ್ಲಿ ಗಂಡನನ್ನು ತಡೆದು ನಿಲ್ಲಿಸಿದಳು. ಅಕ್ಕನಿಗೆ ಹೇಳಿಬಿಡುತ್ತೇನೆ ಎಂದಳು.

“ಏನಂತ?”

“ನೀನು ಹೇಳಿದ್ದೆ. ನಾನು ಹೂಂ ಅಂದಿದ್ದೆ. ಒತ್ತಿದ್ದು ನಾನು.”

ಅವನು ಒಲೆಯ ಉರಿ ಆರಿಸಿದ. ಆಮೇಲೆ ಹೇಳಿದ: “ಒಬ್ಬರ ಮೇಲೆ ಇದ್ರೆ ಸಾಕು ಲಿಯೆನ್. ಇಬ್ಬರ ಮೇಲೂ ಹಾಕಿದ್ರೆ ಭಾರ ಕಡಿಮೆ ಆಗಲ್ಲ. ನಾನು ಅವಳ ತಮ್ಮ. ನನ್ನ ಬೈದು ಅವಳು ಬದುಕ್ತಾಳೆ. ನಿನ್ನ ಈ ಊರಲ್ಲಿ ಬದುಕೋಕೆ ಬಿಡಲ್ಲ.”

ಅದಾದ ಮೇಲೆ ಬಹಳ ವರ್ಷ ಅವರಿಬ್ಬರೂ ಆ ವಿಷಯ ಎತ್ತಲಿಲ್ಲ.

ಕುನ್‌ಮು ಶಟರಿನ ಕೆಲಸ ಬಿಟ್ಟ. ಬಿಟ್ಟೆ ಎಂದು ಹೇಳಿ ಬಿಡಲಿಲ್ಲ. ಏಣಿ ಹತ್ತಿ ಗುಂಡಿ ಒತ್ತಿದರೆ ಶಟರು ಇಳಿಯುವ ಸದ್ದಿಗೆ ಅವನ ಕೈಯಿಂದ ಸ್ಕ್ರೂ ಡ್ರೈವರು ಬೀಳುತ್ತಿತ್ತು. ಒಂದೆರಡು ಸಲ ಹಾಗಾದ ಮೇಲೆ ಅವನು ತಂದೆಯಂತೆ ಸಿಂಪಿಯ ಬಯಲಿಗೆ ಕೂಲಿಗೆ ಹೋಗತೊಡಗಿದ. ಕೆಲಸದ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಒಂದು ದಿನ ಪಾವ್‌ಲಿಯೆನ್ ಅದನ್ನು ಎತ್ತಿ, ಬರ್ತೀನಿ ಅಂದಳು. ಇಷ್ಟು ವರ್ಷ ಪ್ರತಿ ಸಂಜೆ ಅವನು ಹೇಳುತ್ತಿದ್ದುದನ್ನು ಕೇಳಿ ಕೇಳಿ ಅವಳಿಗೆ ಶಟರಿನ ಒಳಹೊರಗು ಗೊತ್ತಿತ್ತು. ಕೈಗೆ ಮಾತ್ರ ಹೊಸದು. ಮೊದಲ ವರ್ಷ ಬೆರಳುಗಳೆಲ್ಲ ಗಾಯ. ಸಿಂಪಿ ವ್ಯಾಪಾರದ ಮುದುಕನೊಬ್ಬ ಕೆಳಗೆ ನಿಂತು ಅಣಕಿಸಿದ: “ಹೆಂಗಸು ಏಣಿ ಮೇಲಿದ್ರೆ ಶಟರು ನಾಚ್ಕೊಂಡು ಇಳಿಯಲ್ಲಮ್ಮ.” ಅವಳು ಮೇಲಿಂದಲೇ, “ಅದು ನಿಮ್ಮ ಮುಖ ನೋಡಿ ಹೆದ್ರಿದೆ ಮಾವ, ಸ್ವಲ್ಪ ಆಚೆ ಹೋಗಿ” ಅಂದಳು. ಬೀದಿ ನಕ್ಕಿತು. ಆ ಮೇಲೆ ಯಾರೂ ಅವಳ ತಂಟೆಗೆ ಬರಲಿಲ್ಲ.

ಅವಳು ಕೂರಿಸುವ ಶಟರಿಗೆ ಎರಡು ಜೊತೆ ಕಣ್ಣು. ಒಂದು ಮೊಣಕಾಲಿನ ಎತ್ತರಕ್ಕೆ, ಇನ್ನೊಂದು ನೆಲದಿಂದ ಅಂಗೈ ಅಗಲ ಮೇಲೆ, ಬಿದ್ದವರೂ ಮಗುವೂ ಅದರ ಬೆಳಕಿಗೆ ಸಿಗುವಂತೆ. ಎರಡನೆಯದಕ್ಕೆ ಅವಳು ಲಾಭ ಇಟ್ಟುಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪೆಟ್ಟಿಗೆಯ ಒಳಗೂ ಅವಳದೊಂದು ಏರ್ಪಾಟಿತ್ತು. ಕಣ್ಣಿನ ವೈರು ಕಿತ್ತರೆ ರಿಮೋಟು ಕೆಲಸ ಮಾಡದಂತೆ, ಬಾಗಿಲ ಬಳಿಯೇ ನಿಂತು ಗುಂಡಿಯನ್ನು ಒತ್ತಿ ಹಿಡಿದರಷ್ಟೇ ಶಟರು ಇಳಿಯುವಂತೆ ಮಾಡಿಸಿದ್ದಳು. ಗಿರಾಕಿಗಳು ಅದನ್ನೊಂದು ಕಾಟವೆನ್ನುತ್ತಿದ್ದರು. ಅವಳು ಕಾಟವೇ ಸರಿ ಎಂದು ಒಪ್ಪಿ, ಹಾಗೆಯೇ ಕೂರಿಸಿ ಬರುತ್ತಿದ್ದಳು.

ಕುನ್‌ಮು ಒಂದೊಂದು ದಿನ ಬಯಲಿನಿಂದ ಬರುವಾಗ, ಹೆಂಡತಿ ಕೆಲಸ ಮಾಡುತ್ತಿರುವ ಮನೆಯ ಎದುರಿನ ರಸ್ತೆಬದಿಯಲ್ಲಿ ನಿಲ್ಲುತ್ತಿದ್ದ. ಮಂಡಿಯವರೆಗೂ ಕೆಸರು, ಹೆಗಲಲ್ಲಿ ಖಾಲಿ ಚೀಲ. ಈಚೆ ದಾಟಿ ಬರುತ್ತಿರಲಿಲ್ಲ. ಅವಳು ಏಣಿ ಇಳಿದು, ಶಟರಿನ ಕೆಳಗೆ ಚೀಲವೊಂದನ್ನಿಟ್ಟು, ಅದು ಮುಟ್ಟುವ ಮುಂಚೆಯೇ ಹಿಂದಕ್ಕೆ ಹೋಗುವುದನ್ನು ನೋಡಿಕೊಂಡ ಮೇಲೆ ಅವನ ಕಡೆ ತಿರುಗಿ ತಲೆಯಾಡಿಸುತ್ತಿದ್ದಳು. ಅವನು ಮನೆಯ ಕಡೆ ನಡೆಯುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಈಗ ಮಾತು ಅವಳದು. ಯಾರ ಮನೆಯ ಮೋಟಾರು, ಯಾರು ಟೀ ಕೊಟ್ಟರು. ಅವನು ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಅವಳು ಹೇಳುವುದನ್ನು ನಿಲ್ಲಿಸಲಿಲ್ಲ.

ಹಿರಿಯರನ್ನು ನೆನೆಯುವ ಚಿಂಗ್‌ಮಿಂಗ್ ಹಬ್ಬ ಬಂದಾಗಲೆಲ್ಲ ಕುನ್‌ಮು ಬಸ್ಸು ಹತ್ತಿ ಚಾಂಗ್‌ಹುವಾದ ಗುಡಿಗೆ ಹೋಗಿ ತಾಯ್ತಂದೆಯರ ಹಲಗೆಗೆ ಊದುಬತ್ತಿ ಹಚ್ಚಿ ಬರುತ್ತಿದ್ದ. ಅಕ್ಕ ಬೆಳಿಗ್ಗೆ ಬಂದು ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಮಧ್ಯಾಹ್ನ ಹೋಗುತ್ತಿದ್ದ. ಅಲ್ಲಿ ಅವಳಿಟ್ಟು ಹೋದ ಹಣ್ಣುಗಳ ಪಕ್ಕದಲ್ಲಿ ತನ್ನವನ್ನೂ ಇಟ್ಟು ಬರುತ್ತಿದ್ದ.

ವರ್ಷಗಳ ಮೇಲೆ ಅವನಿಗೆ ಹೊಟ್ಟೆನೋವು ಶುರುವಾಗಿ, ಅದು ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಪಾವ್‌ಲಿಯೆನ್ ನಾದಿನಿಗೆ ಫೋನು ಮಾಡಿದಳು. ಆ ಕಡೆಯಿಂದ ಉಸಿರಾಟ ಮಾತ್ರ ಕೇಳಿಸಿತು, ಆಮೇಲೆ ಫೋನು ಇಟ್ಟ ಸದ್ದು. ಕುನ್‌ಮು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೊನೆಯ ದಿನಗಳಲ್ಲಿ ಒಂದು ಸಲ ಅವನು ಕಿಟಕಿಯ ಕಡೆ ನೋಡುತ್ತ, ತಾನು ಹೋದ ಮೇಲೂ ಅಕ್ಕನಿಗೆ ಏನೂ ಹೇಳಬೇಡ ಎಂದು ಕೇಳಿಕೊಂಡ. ಅವಳು ಹೂಂ ಅಂದಳು. ಹಿಂದೊಮ್ಮೆ ಪೊರಕೆ ನಿಲ್ಲಿಸದೆ ಅಂದದ್ದೂ ಇದೇ ಹೂಂ.

ಯೂಚಾನ್ ತಮ್ಮನ ಸಾವಿಗೆ ಬಂದಳು. ಬೀದಿಯ ಆಚೆ ಬದಿಯಲ್ಲಿ, ನೂಡಲ್ಸ್ ಅಂಗಡಿಯ ನೆರಳಿನಲ್ಲಿ ಶವದ ಗಾಡಿ ಹೊರಡುವವರೆಗೂ ನಿಂತಿದ್ದು ಹೊರಟುಹೋದಳು. ಶಟರಿನ ಒಳಗೆ ಕಾಲಿಡಲಿಲ್ಲ.

ಸತ್ತವರಿಗೆ ಒಂದು ವರ್ಷ ತುಂಬಿದಾಗ, ಅವರ ಬಟ್ಟಲಿನ ಊದುಬತ್ತಿಯ ಬೂದಿಯಲ್ಲಿ ಒಂದು ಚಿಟಿಕೆಯನ್ನು ಹಿರಿಯರ ಬಟ್ಟಲಿಗೆ ಸೇರಿಸಿ, ಹಲಗೆಯಲ್ಲಿ ಹೆಸರು ಬರೆಸಬೇಕು. ಆಗಲೇ ಅವರು ತಮ್ಮವರ ಜೊತೆ ಸೇರುವುದು. ಅಲ್ಲಿಯವರೆಗೂ ಒಂಟಿ. ಹಿರಿಯರ ಬಟ್ಟಲಿದ್ದುದು ಚಾಂಗ್‌ಹುವಾದಲ್ಲಿ, ಯೂಚಾನ್‌ಳ ಹೆಸರಿನಲ್ಲಿ. ವರ್ಷ ತುಂಬಲು ಕೆಲವೇ ವಾರ ಉಳಿದಾಗ ಪಾವ್‌ಲಿಯೆನ್ ಬಸ್ಸು ಹತ್ತಿ ನಾದಿನಿಯ ಮನೆಗೆ ಹೋದಳು. ಗಂಡನಿಗೆ ಕೊಟ್ಟ ಮಾತು ದಾರಿಯುದ್ದಕ್ಕೂ ಅವಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಆದರೆ ತಾಯಿಯಿಂದ ದೂರವಾಗಿ, ಮಾಡದ ತಪ್ಪಿನ ಪಾಲನ್ನೂ ಹೊತ್ತು ಅವನು ಅಲ್ಲಿ ಒಬ್ಬನೇ ಕೂತಿರುವುದನ್ನು ಅವಳಿಂದ ನೆನೆಯಲಾಗುತ್ತಿರಲಿಲ್ಲ.

ಯೂಚಾನ್ ಬಾಗಿಲು ತೆಗೆದು, ಒಳಗೆ ಕರೆದು, ಟೀ ಬಗ್ಗಿಸಿಟ್ಟಳು. ಅವಳ ಕೂದಲೆಲ್ಲ ಬೆಳ್ಳಗಾಗಿತ್ತು. ಕೂತ ಭಂಗಿ ಥೇಟ್ ಬಾನ್ ಅಜ್ಜಿಯದು. ಪಾವ್‌ಲಿಯೆನ್ ಟೀ ಮುಟ್ಟದೆ ಹೇಳಿದಳು. ತುಫಾನಿನ ಮಾರನೆಯ ಬೆಳಿಗ್ಗೆ ಅವನು ಪಿಕಪ್ಪಿನ ಬಳಿ ನಿಂತು ಕೂಗಿದ್ದು, ತಾನು ಹೂಂ ಅಂದದ್ದು, ನೀರಿನ ಲಾರಿ, ರಿಮೋಟು. ಅತ್ತೆ ಯಾಕೆ ಏಳಲಿಲ್ಲ ಎನ್ನುವುದನ್ನೂ ಹೇಳಿದಳು.

ಯೂಚಾನ್ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದಳು.

“ಅಮ್ಮನ ಆ ಆಟ ನಂಗೊತ್ತಿರಲಿಲ್ಲ” ಅಂದಳು. ಲೋಟವನ್ನು ಕೈಯಲ್ಲೇ ತಿರುಗಿಸಿ, “ಇನ್ನೊಂದು ಗೊತ್ತಿತ್ತು” ಅಂದಳು.

“ಯಾವುದಕ್ಕ?”

“ಅವನು ನಿಂಗೆ ಹೇಳಿದ್ದ ಅನ್ನೋದು. ಸೀನು ಬಂದ್ರೂ ಹೆಂಡತಿಗೆ ಹೇಳೋನು, ಇದನ್ನ ಹೇಳದೆ ಇರ್ತಾನಾ? ಅವತ್ತು ಅವನ ಮುಖ ನೋಡ್ದಾಗಲೇ ಗೊತ್ತಾಯ್ತು. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದ್ಲೂ ನೆಲ ನೋಡ್ತಿದ್ದ.”

ಹಾಗಾದರೆ ಇಷ್ಟು ವರ್ಷ ಅವನ ಮೇಲೇ ಯಾಕೆ ಸಿಟ್ಟು ಎಂದು ಪಾವ್‌ಲಿಯೆನ್ ಕೇಳಿದಳು.

“ತಮ್ಮನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಅವನು ತಮ್ಮನಾಗೇ ಇರ್ತಾನೆ. ನಿನ್ನ ಮೇಲೆ ಮಾಡ್ಕೊಂಡಿದ್ರೆ ನೀನು ಯಾರೋ ಆಗ್ಬಿಡ್ತಿದ್ದೆ. ಆಮೇಲೆ ಅವನಿಗೆ ಗಂಜಿ ಹಾಕೋರು ಯಾರಿರ್ತಿದ್ರು?” ಯೂಚಾನ್ ಲೋಟ ಕೆಳಗಿಟ್ಟಳು. “ಒಂದೆರಡು ವರ್ಷ ಇರತ್ತೆ, ಆಮೇಲೆ ಹೋಗಿ ಮಾತಾಡ್ಸಿದ್ರಾಯ್ತು ಅಂದ್ಕೊಂಡಿದ್ದೆ. ಆಸ್ಪತ್ರೆಗೆ ಹೊರಟಿದ್ದೆ ಕೂಡ. ಚಪ್ಪಲಿ ಹಾಕ್ಕೊಂಡಿದ್ದೆ. ಏನಂತ ಒಳಗೆ ಹೋಗ್ಲಿ ಅಂತ ಮತ್ತೆ ಬಿಚ್ಚಿಟ್ಟೆ.”

ಪಾವ್‌ಲಿಯೆನ್ ಅವನ ವರ್ಷದ ದಿನ ಯಾವುದೆಂದು ಹೇಳಿದಳು, ಯೂಚಾನ್ ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಒಬ್ಬರನ್ನೊಬ್ಬರು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಟೀ ಆರಿತು.

ವಾಪಸು ಬಸ್ಸಿನಲ್ಲಿ ಪಾವ್‌ಲಿಯೆನ್ ಕಿಟಕಿಗೆ ತಲೆಯಾನಿಸಿ ಕೂತಳು. ತನ್ನನ್ನು ಉಳಿಸಿದೆನೆಂದುಕೊಂಡೇ ಗಂಡ ಹೋದ. ಅವನು ಕಾಪಾಡಿದ ಗುಟ್ಟು ಮೊದಲ ದಿನದಿಂದಲೂ ಗುಟ್ಟಾಗಿಯೇ ಇರಲಿಲ್ಲ. ಇದನ್ನು ಅವನಿಗೆ ಹೇಳಿದ್ದರೆ ನಗುತ್ತಿದ್ದನೋ ಅಳುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ. ಹೇಳಲು ಅವನಿಲ್ಲವಲ್ಲ ಎನ್ನುವುದೊಂದೇ ತಿಳಿಯಿತು. ಸಾವಿನ ದಿನವೂ ಬಾರದ ಅಳು ಅವಳಿಗೆ ಆ ಬಸ್ಸಿನಲ್ಲಿ, ಅಪರಿಚಿತರ ನಡುವೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ತನ್ನ ಚೀಲದಿಂದ ಕಾಗದದ ಕರವಸ್ತ್ರದ ಪೊಟ್ಟಣ ತೆಗೆದು ಅವಳ ಮಡಿಲಲ್ಲಿಟ್ಟಳು.

ವರ್ಷದ ದಿನ ಯೂಚಾನ್ ಟ್ಯಾಕ್ಸಿಯಲ್ಲಿ ಬಂದು ಇಳಿದಳು. ತೋಳಿನಲ್ಲಿ ಕೆಂಪು ಬಟ್ಟೆಯ ಗಂಟು. ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಬಂದು, ಹಲಗೆಯನ್ನೂ ಬಟ್ಟಲನ್ನೂ ತಾನೇ ಪೀಠದ ಮೇಲಿಟ್ಟಳು. ಪಾವ್‌ಲಿಯೆನ್ ಗಂಡನ ಬಟ್ಟಲಿನಿಂದ ಬೂದಿ ಚಿಟಿಕೆ ತೆಗೆದಳು. ಯೂಚಾನ್ ತನ್ನ ಅಂಗೈಯನ್ನು ಅವಳ ಕೈಯ ಕೆಳಗೆ ಹಿಡಿದಳು, ಒಂದು ಕಣವೂ ಕೆಳಗೆ ಬೀಳದಂತೆ.

ಯೂಚಾನ್ ಅಂದು ಊಟಕ್ಕೆ ಉಳಿದಳು. ಸಿಂಪಿ ಹಾಕಿದ ಗಂಜಿಗೆ ಉಪ್ಪು ಕಡಿಮೆ ಎಂದಳು. ಈಗ ವರ್ಷಕ್ಕೆ ಎರಡು ಸಲ ಬರುತ್ತಾಳೆ, ಹಬ್ಬಕ್ಕೊಮ್ಮೆ, ತಾಯಿಯ ತಿಥಿಗೊಮ್ಮೆ. ಬಂದಾಗ ಇಬ್ಬರ ನಡುವೆ ಮಾತು ಕಡಿಮೆ. ಪಾವ್‌ಲಿಯೆನ್‌ಗೆ ಮಂಡಿನೋವು ಶುರುವಾಗಿದೆ, ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಾಳೆ. ಕೆಲಸ ಬಿಟ್ಟು ಆರಾಮಾಗಿರಬಾರದೇ ಎಂದು ಊರವರು ಹೇಳುತ್ತಾರೆ. ನೋಡೋಣ ಎನ್ನುತ್ತಾಳೆ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಒಬ್ಬಳೇ ಊಟಕ್ಕೆ ಕೂರುತ್ತಾಳೆ.